ನಂಜಾಣುವಿನ ವಂಶವಾಹಿಯಿಂದ ಸಸ್ಯರಕ್ಷೆ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬೆಳೆಗಳಿಗೆ ತಗಲುವ ನಂಜುರೋಗವನ್ನು, ಆ ರೋಗಕ್ಕೆ ಕಾರಣವಾದ ನಂಜಾಣುವಿನಿಂದಲೇ ತೆಗೆದ ಒಂದು ವಂಶವಾಹಿಯನ್ನು ಗಿಡದೊಳಗೆ ಸೇರಿಸಿ ತಡೆಗಟ್ಟುವ ವಿಧಾನವೊಂದು ಈಚಿನ ನಾಲ್ವತ್ತು ವರ್ಷಗಳಲ್ಲಿ ಬಳಕೆಗೆ ಬಂದಿದೆ. ಇದನ್ನು ವಿವರಿಸಹೊರಟವರು ಮೇಲಣ ಗಾದೆಯನ್ನು ಆಶ್ರಯಿಸುವುದು ಸಹಜ. ಆದರೆ ಗಾದೆಯಲ್ಲಿ ಕೆಲಸಮಾಡುವುದು ಎರಡನೆಯ ಮುಳ್ಳಿನ ಮೊನೆ. ಗಿಡದಲ್ಲಿ ಕೆಲಸಮಾಡುವುದು ಯಾವುದು? ನಂಜಾಣುವಿನ ಶಕ್ತಿಯೆ, ಅದರ ಶರೀರದ ಒಂದು ಭಾಗವೆ, ಅಥವಾ ಇವೆರಡೂ ಅಲ್ಲದ ಬೇರೊಂದೆ? ಈ ಪ್ರಶ್ನೆಗೆ ಮೊದಲು ಹೇಳಿದ ಉತ್ತರವು ಮುಂದೆ ಬಹುಮಟ್ಟಿಗೆ ಬದಲಾಯಿತು. ಉತ್ತರ ಬದಲಾದ ಕೂಡಲೆ ಈ ವಿಧಾನದ ಪ್ರಯೋಜನ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆಗೆ ಸಲ್ಲದು ಎಂಬ ತಿಳಿವಳಿಕೆಯೂ ಬದಲಾಯಿತು. ಹವಾಯಿ ದ್ವೀಪಗಳ ಪರಂಗಿ ಬೆಳೆಯ ನಿದರ್ಶನವನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಹೆಸರಿನ ವಿಚಾರ. 'ವೈರಸ್' ಎಂಬ ಲ್ಯಾಟಿನ್ ಶಬ್ದಕ್ಕೆ ವಿಷವೆಂದು ಅರ್ಥ. ಎಲೆ ಹಳದಿಯಾಗಿ ಮುರುಟಿಕೊಂಡ ಗಿಡವನ್ನು ಕಂಡು 'ನಂಜು ತಗಲಿದೆ' ಎನ್ನುವ ನಮ್ಮ ಕೃಷಿಕರ ಮಾತಿನಲ್ಲಿ ಇದೇ ಅರ್ಥವಿದೆ. ಕನ್ನಡದ ಕೃಷಿಗ್ರಂಥಗಳಲ್ಲಿ ಬಳಕೆಯಾಗುವ 'ನಂಜಾಣು' ಎಂಬ ಪದವು ಅದರಿಂದಲೇ ಹುಟ್ಟಿದುದು. ಈ ಲೇಖನದಲ್ಲಿ ಆ ಪದವನ್ನೇ ಇಟ್ಟುಕೊಂಡಿದೆ.

ನಂಜಾಣುವಿನ ಪರಿಚಯ ವಿಜ್ಞಾನಕ್ಕೆ ಆದುದು ಹೊಗೆಸೊಪ್ಪಿನ ಗಿಡದಿಂದ. ೧೮೮೬ರಲ್ಲಿ ಅಡಾಲ್ಫ್ ಮಾಯರ್ ಎಂಬವರು ಹೊಗೆಸೊಪ್ಪಿನ ಮೊಸಾಯಿಕ್ ರೋಗವು ರೋಗಿಷ್ಠ ಗಿಡದ ರಸದಿಂದ ಆರೋಗ್ಯವಾದ ಗಿಡಕ್ಕೆ ಅಂಟುವುದೆಂದು ತೋರಿಸಿದರು. ಬ್ಯಾಕ್ಟೀರಿಯಗಳನ್ನು ತಡೆದು ನಿಲ್ಲಿಸುವಷ್ಟು ಸೂಕ್ಷ್ಮವಾದ ಶೋಧಕದ ಮೂಲಕ ಹಾಯಿಸಿದ ಮೇಲೆಯೂ ಆ ರಸದ ನಂಜು ಹೋಗಲಿಲ್ಲವೆಂಬುದನ್ನು ೧೮೯೨ರಲ್ಲಿ ರಷ್ಯದ ಇವಾನೊವ್‌ಸ್ಕಿಯವರೂ ೧೮೯೮ರಲ್ಲಿ ಹಾಲೆಂಡಿನ ಬೈಯರಿಂಕ್ ಅವರೂ ಕಂಡರು. ೧೯೩೫ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿಯವರು ಆ ನಂಜನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದರಲ್ಲಿ ಪ್ರೋಟೀನಿನ ಜೊತೆಗೆ ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲವೂ ಉಂಟೆಂಬುದನ್ನು ಮರುವರ್ಷವೇ ಇಂಗ್ಲೆಂಡಿನ ಬಾಡೆನ್ ಮತ್ತು ಪಿರೀ ಎಂಬವರು ತಿಳಿಸಿದರು.

ಸಸ್ಯಗಳ ನಂಜಾಣುಗಳಲ್ಲಿ ಹೆಚ್ಚಿನವುಗಳ ರಚನೆ ಇಷ್ಟೇ ಸರಳವಾದುದು: ಒಳಗೆ ಆರ್‌ಎನ್‌ಎ ರೂಪದ ಒಂದು ಲೇಖ, ಹೊರಗೆ ಅದನ್ನು ಸುತ್ತಿಕೊಂಡಿರುವ ಪ್ರೋಟೀನಿನ ಹೊದಿಕೆ. ಲೇಖವೆಂದುದು ಕೇವಲ ಉಪಮೆಯಲ್ಲ. ನಾಲ್ಕು ಬಗೆಯ ಘಟಕಗಳು ಅಕ್ಷರಗಳಂತೆ ಒಂದು ನಿಯತಕ್ರಮದಲ್ಲಿ ಜೋಡಿಸಿಕೊಂಡಿವೆ; ಆ ಕ್ರಮವನ್ನು ಓದಿಯೇ ಜೀವಕೋಶವು ಪ್ರೋಟೀನುಗಳನ್ನು ನಿರ್ಮಿಸುತ್ತದೆ. ಒಂದೊಂದು ಪ್ರೋಟೀನಿಗೆ ಸಂಬಂಧಪಟ್ಟ ಲೇಖಭಾಗವನ್ನು ವಂಶವಾಹಿ ಎನ್ನುತ್ತಾರೆ. ಹೊಗೆಸೊಪ್ಪಿನ ನಂಜಾಣುವಿನ ಲೇಖದಲ್ಲಿ ಸುಮಾರು ೬,೪೦೦ ಅಕ್ಷರಗಳಿವೆ. ಪರಂಗಿಯ ನಂಜಾಣುವಿನಲ್ಲಿ ೧೦,೦೦೦ಕ್ಕೆ ತುಸು ಹೆಚ್ಚು. ನಂಜಾಣುವಿಗೆ ಸ್ವಂತವಾದ ಜೀವನಸಾಧನಗಳಿಲ್ಲ. ಗಿಡದ ಕೋಶವನ್ನು ಹೊಕ್ಕು, ಹೊದಿಕೆಯನ್ನು ಕಳಚಿ, ತನ್ನ ಲೇಖವನ್ನು ಆ ಕೋಶದ ಕೈಯಿಂದಲೇ ಓದಿಸಿ, ಪ್ರತಿಗಳನ್ನು ಎತ್ತಿಸುವುದೇ ಅದರ ವೃತ್ತಿ. ಹೀಗೆ ಗಿಡದ ಜೀವನಕ್ರಿಯೆಯಲ್ಲಿ ಅದು ಬೆರೆತುಹೋಗುವುದರಿಂದ, ಒಮ್ಮೆ ಸೋಂಕು ತಗಲಿದ ಗಿಡವನ್ನು ಹೊಲದಲ್ಲಿ ಗುಣಪಡಿಸುವ ಔಷಧವಿಲ್ಲ. ಗಿಡವನ್ನು ಕಿತ್ತು ಸುಡುವುದೇ ರೈತನಿಗೆ ಉಳಿಯುವ ಮಾರ್ಗ.

೨

ಆದರೂ ನಂಜನ್ನು ನಂಜಿನಿಂದ ತಡೆಯಬಹುದೆಂಬ ಸೂಚನೆ ಬಹುಕಾಲದ ಹಿಂದೆಯೇ ದೊರೆತಿತ್ತು. ೧೯೨೯ರಲ್ಲಿ ಅಮೆರಿಕದ ಮೆಕಿನ್ನಿ ಎಂಬವರು, ಮೊಸಾಯಿಕ್ ರೋಗದ ಒಂದು ಬಗೆಯ ಸೋಂಕು ಮೊದಲೇ ತಗಲಿದ್ದ ಹೊಗೆಸೊಪ್ಪಿನ ಗಿಡಕ್ಕೆ ಅದೇ ರೋಗದ ಮತ್ತೊಂದು ಬಗೆಯನ್ನು ಅಂಟಿಸಿದರೆ ಅದು ನೆಲೆಗೊಳ್ಳದಿರುವುದನ್ನು ಗಮನಿಸಿದರು. ಸೌಮ್ಯವಾದ ನಂಜಾಣುವು ಉಗ್ರವಾದ ನಂಜಾಣುವಿಗೆ ಬಾಗಿಲು ಮುಚ್ಚುತ್ತದೆಂದಾಯಿತು. ಬ್ರೆಜಿಲ್ ದೇಶದ ಕಿತ್ತಳೆ ತೋಟಗಳಲ್ಲಿ ಈ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಕ್ಕೆ ತಂದರು.

ಈ ಕ್ರಮವು ಮನುಷ್ಯರಿಗೆ ದೇವಿ ಹಾಕುವುದನ್ನು ನೆನಪಿಗೆ ತರುತ್ತದೆ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಪ್ರಾಣಿಗಳ ರಕ್ತದಲ್ಲಿ ಹುಟ್ಟುವ ಪ್ರತಿವಸ್ತುಗಳು ಗಿಡಗಳಲ್ಲಿ ಇಲ್ಲ. ಗಿಡವನ್ನು ಯಾವುದು ಕಾಪಾಡುತ್ತಿತ್ತೆಂಬುದು ಐವತ್ತು ವರ್ಷಗಳಿಗೂ ಮೀರಿ ಬಿಡಿಸದ ಒಗಟಾಗಿಯೇ ಉಳಿಯಿತು. ಮೇಲಾಗಿ ಈ ಕ್ರಮದಲ್ಲಿ ಜೀವಂತವಾದ ನಂಜನ್ನೇ ತೋಟಕ್ಕೆ ತರಬೇಕಾಗಿತ್ತು. ಸೌಮ್ಯವಾದುದೆಂದರೂ ಅದು ಗಿಡವನ್ನು ಸ್ವಲ್ಪ ಕುಗ್ಗಿಸುತ್ತಿತ್ತು. ನೆರೆಯ ಬೇರೆ ಜಾತಿಯ ಬೆಳೆಗೆ ಹಬ್ಬಿದರೆ ಅಲ್ಲಿಯೂ ಸೌಮ್ಯವಾಗಿಯೇ ಇದ್ದೀತೆಂಬ ಭರವಸೆ ಇರಲಿಲ್ಲ.

೧೯೮೫ರಲ್ಲಿ ಸ್ಯಾನ್‌ಫರ್ಡ್ ಮತ್ತು ಜಾನ್‌ಸ್ಟನ್ ಎಂಬ ಇಬ್ಬರು ಒಂದು ಹೊಸ ಮಾರ್ಗವನ್ನು ಸೂಚಿಸಿದರು. ಇಡೀ ಪರೋಪಜೀವಿಯನ್ನು ತರುವುದು ಬೇಡ. ಅದರ ಲೇಖದಿಂದ ಒಂದೇ ಒಂದು ವಂಶವಾಹಿಯನ್ನು ಆಯ್ದು ಆಶ್ರಯ ಕೊಡುವ ಜೀವಿಯಲ್ಲಿ ನೆಲೆಗೊಳಿಸಿದರೆ, ಅದು ಪರೋಪಜೀವಿಯ ವ್ಯಾಪಾರವನ್ನು ಕೆಡಿಸಬಹುದು ಎಂಬುದು ಅವರ ವಾದ. ಮರುವರ್ಷವೇ, ಅಂದರೆ ೧೯೮೬ರಲ್ಲಿ, ರೋಜರ್ ಬೀಚಿ ಮತ್ತು ಅವರ ಸಂಗಡಿಗರು ಹೊಗೆಸೊಪ್ಪಿನ ನಂಜಾಣುವಿನ ಹೊದಿಕೆಗೆ ಸಂಬಂಧಿಸಿದ ವಂಶವಾಹಿಯನ್ನು ಹೊಗೆಸೊಪ್ಪಿನ ಗಿಡದಲ್ಲಿ ಸೇರಿಸಿ, ಅಂಥ ಗಿಡಗಳಲ್ಲಿ ರೋಗವು ತಡವಾಗಿ ಕಾಣಿಸಿಕೊಳ್ಳುವುದನ್ನೂ ಕೆಲವು ಗಿಡಗಳಲ್ಲಿ ಕಾಣಿಸಿಕೊಳ್ಳದೆಯೇ ಇರುವುದನ್ನೂ ಪ್ರಕಟಿಸಿದರು.

ಇದಕ್ಕೆ ಆಗ ಕೊಟ್ಟ ವಿವರಣೆ ಸುಲಭಗ್ರಾಹ್ಯವಾಗಿತ್ತು. ನಂಜಾಣುವು ಕೋಶವನ್ನು ಹೊಕ್ಕ ಮೇಲೆ ಹೊದಿಕೆಯನ್ನು ಕಳಚಬೇಕಷ್ಟೆ. ಕೋಶದ ತುಂಬ ಅದೇ ಹೊದಿಕೆಯ ಪ್ರೋಟೀನು ಮೊದಲೇ ತುಂಬಿಕೊಂಡಿದ್ದರೆ, ಕಳಚುವ ಕಾರ್ಯ ಮುಂದುವರಿಯುವುದಿಲ್ಲ, ಲೇಖವು ಹೊರಬೀಳುವುದಿಲ್ಲ, ರೋಗವೂ ಹುಟ್ಟುವುದಿಲ್ಲ. ಅಂದರೆ ನಂಜಾಣುವಿನ ಕವಚವೇ ಗಿಡಕ್ಕೆ ಕವಚವಾಯಿತೆಂದು ತಾತ್ಪರ್ಯ. ಹೊಗೆಸೊಪ್ಪಿನ ಆ ಮೊದಲ ನಿದರ್ಶನದ ಮಟ್ಟಿಗೆ ಈ ವಿವರಣೆಗೆ ಇಂದಿಗೂ ಆಧಾರವಿದೆ. ಆದರೆ ಅದನ್ನು ಎಲ್ಲ ಬೆಳೆಗಳಿಗೂ ಅನ್ವಯಿಸಹೊರಟಾಗ ತೊಡಕು ಕಾಣಿಸಿಕೊಂಡಿತು. ಆ ತೊಡಕಿಗೆ ಬರುವ ಮೊದಲು ಹವಾಯಿಯ ವೃತ್ತಾಂತವನ್ನು ಹೇಳಬೇಕು.

೩

ಪರಂಗಿ ಅಮೆರಿಕ ಖಂಡದಿಂದ ಇತರ ಭೂಭಾಗಗಳಿಗೆ ಹರಡಿದ ಗಿಡ. ನಮ್ಮಲ್ಲಿ ಅದರ ಹೆಸರೇ ಅದು ಪರದೇಶದ್ದೆಂಬುದನ್ನು ಸಾರುತ್ತದೆ. ಅದಕ್ಕೆ ತಗಲುವ ರೋಗಗಳಲ್ಲಿ ಉಂಗುರಚುಕ್ಕೆ ರೋಗವು ಅತ್ಯಂತ ಕ್ರೂರವಾದುದು. ಎಲೆಗಳು ಬಣ್ಣಗೆಟ್ಟು ಕಿರಿದಾಗುತ್ತವೆ; ಎಲೆಯ ತೊಟ್ಟಿನ ಮೇಲೂ ಕಾಂಡದ ಮೇಲೂ ಎಣ್ಣೆ ಸವರಿದಂಥ ಗೆರೆಗಳು ಮೂಡುತ್ತವೆ; ಕಾಯಿಗಳ ಮೇಲೆ ಉಂಗುರಾಕಾರದ ಕಲೆಗಳು ಕಾಣುತ್ತವೆ; ಹಣ್ಣಿನ ಸಿಹಿ ಇಳಿಯುತ್ತದೆ; ಎಳೆಯ ಗಿಡವಾದರೆ ಫಲವನ್ನೇ ಕೊಡುವುದಿಲ್ಲ. ಈ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಗಿಡಹೇನು. ರೋಗಿಷ್ಠವಾದ ಎಲೆಯನ್ನು ಕೆಲವು ಕ್ಷಣ ಚುಚ್ಚಿ ನೋಡಿದರೆ ಸಾಕು, ಹೇನಿನ ಬಾಯಿಗೆ ನಂಜು ಹತ್ತುತ್ತದೆ. ಪಕ್ಕದ ಗಿಡವನ್ನು ಚುಚ್ಚಿದರೆ ಅಲ್ಲಿಗೆ ದಾಟುತ್ತದೆ. ಕೀಟನಾಶಕವನ್ನು ಸಿಂಪಡಿಸಿದರೂ ಹೇನು ಸಾಯುವ ಮೊದಲೇ ನಂಜು ದಾಟಿರುತ್ತದೆ. ಆದಕಾರಣ ಸಿಂಪರಣೆಯಿಂದ ಹೆಚ್ಚಿನ ಫಲವಿಲ್ಲ.

ಹವಾಯಿ ದ್ವೀಪಸಮೂಹದ ಒವಾಹು ದ್ವೀಪದಲ್ಲಿ ೧೯೪೦ರ ದಶಕದಲ್ಲಿ ಈ ರೋಗ ಕಂಡುಬಂತು. ಅಲ್ಲಿ ಬೆಳೆ ನೆಲೆನಿಲ್ಲದಂತಾದುದರಿಂದ ರೈತರು ತಮ್ಮ ವ್ಯವಸಾಯವನ್ನು ಹವಾಯಿಯೆಂಬ ಹೆಸರಿನ ದೊಡ್ಡ ದ್ವೀಪದ ಪುನಾ ಸೀಮೆಗೆ ಸಾಗಿಸಿದರು. ಈ ಪುನಾಕ್ಕೂ ನಮ್ಮ ಪುಣೆಗೂ ಹೆಸರಿನ ಹೋಲಿಕೆಯಲ್ಲದೆ ಬೇರೆ ಸಂಬಂಧವಿಲ್ಲ. ಜ್ವಾಲಾಮುಖಿಯ ಶಿಲೆ ಒಡೆದು ಆದ ನೆಲ, ಧಾರಾಳವಾದ ಮಳೆ, ಇವು ಅಲ್ಲಿಯ ಕಪೋಹೋ ಎಂಬ ತಳಿಗೆ ಒಗ್ಗಿದವು. ಕ್ರಮೇಣ ಆ ಸಂಸ್ಥಾನದ ಪರಂಗಿಯಲ್ಲಿ ನೂರಕ್ಕೆ ೯೫ರಷ್ಟು ಆ ಒಂದೇ ಸೀಮೆಯಲ್ಲಿ ಬೆಳೆಯುವಂತಾಯಿತು. ಸುಮಾರು ೨೦ ಮೈಲಿ ದೂರದ ಹೀಲೋ ಪಟ್ಟಣದವರೆಗೆ ರೋಗವು ಬಂದು ನಿಂತಿತ್ತು. ಸರ್ಕಾರದ ಆಳುಗಳು ಹಿತ್ತಲು ಹಿತ್ತಲುಗಳನ್ನು ಹುಡುಕಿ ರೋಗದ ಗಿಡಗಳನ್ನು ಕೀಳುತ್ತಿದ್ದುದರಿಂದ, ಸುಮಾರು ಮೂವತ್ತು ವರ್ಷ ಪುನಾ ಸುರಕ್ಷಿತವಾಗಿ ಉಳಿಯಿತು.

ಈ ಸುರಕ್ಷತೆ ಬಹುಕಾಲ ನಡೆಯದೆಂದು ಅರಿತವರಲ್ಲಿ ಡೆನ್ನಿಸ್ ಗೊನ್ಸಾಲ್ವೆಸ್ ಒಬ್ಬರು. ಇವರು ಹವಾಯಿಯಲ್ಲಿಯೇ ಹುಟ್ಟಿ ಬೆಳೆದವರು. ಆಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯರೋಗ ಶಾಸ್ತ್ರಜ್ಞರಾಗಿದ್ದರು. ಮೊದಲು ಇವರೂ ತೈವಾನಿನ ಶ್ಯೀ-ಡಾಂಗ್ ಯೇ ಎಂಬವರೂ ಮೆಕಿನ್ನಿಯವರ ಹಳೆಯ ದಾರಿಯನ್ನೇ ಹಿಡಿದು, ಹವಾಯಿಯ ನಂಜಾಣುವನ್ನು ನೈಟ್ರಸ್ ಆಮ್ಲದಿಂದ ಸಂಸ್ಕರಿಸಿ ಒಂದು ಸೌಮ್ಯವಾದ ಬಗೆಯನ್ನು ಪಡೆದು, ೧೯೮೪ರಲ್ಲಿ ಪ್ರಕಟಿಸಿದರು. ತೋಟದಲ್ಲಿ ಅದು ಪೂರ್ಣವಾಗಿ ಫಲಿಸಲಿಲ್ಲ. ೧೯೮೫ರ ಸುಮಾರಿಗೆ ಹೊಸ ಮಾರ್ಗದ ಕೆಲಸ ಮೊದಲಾಯಿತು. ಹವಾಯಿ ವಿಶ್ವವಿದ್ಯಾನಿಲಯದ ರಿಚರ್ಡ್ ಮ್ಯಾನ್ಸ್‌ಹಾರ್ಟ್, ಮೌರೀನ್ ಫಿಚ್, ಅಪ್‌ಜಾನ್ ಕಂಪನಿಯ ಜೆರ್ರಿ ಸ್ಲೈಟಮ್ ಇವರು ಗೊನ್ಸಾಲ್ವೆಸ್ ಅವರ ಸಹಕಾರಿಗಳು. ಆ ಸೌಮ್ಯ ನಂಜಾಣುವಿನ ಹೊದಿಕೆಯ ವಂಶವಾಹಿಯನ್ನೇ ಇವರು ಆರಿಸಿಕೊಂಡರು. ನಂಜಾಣುವಿನ ಲೇಖವು ಆರ್‌ಎನ್‌ಎಯಲ್ಲಿದೆ; ಗಿಡದ ವಂಶವಾಹಿಗಳಾದರೋ ಡಿಎನ್‌ಎಯಲ್ಲಿವೆ. ಆದುದರಿಂದ ಆ ಭಾಗವನ್ನು ಮೊದಲು ಡಿಎನ್‌ಎಗೆ ಪ್ರತಿಮಾಡಿಕೊಂಡರು. ಬಳಿಕ ಅದನ್ನು ಟಂಗ್‌ಸ್ಟನ್ ಲೋಹದ ಅತಿಸೂಕ್ಷ್ಮ ಕಣಗಳಿಗೆ ಲೇಪಿಸಿ, ಮೇಲೆ ಹೇಳಿದ ಸ್ಯಾನ್‌ಫರ್ಡ್ ಅವರೇ ಮುಂದಾಗಿ ನಿರ್ಮಿಸಿದ 'ಜೀನ್ ಗನ್' ಎಂಬ ಯಂತ್ರದಿಂದ, ಸನ್‌ಸೆಟ್ ಎಂಬ ತಳಿಯ ಪರಂಗಿಯ ಭ್ರೂಣಗಳೊಳಕ್ಕೆ ಹಾರಿಸಿದರು. ಬದುಕಿ ಗಿಡವಾದವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ೫೫-೧ ಎಂಬ ಸಂಖ್ಯೆಯ ಒಂದು ಗಿಡದ ಸಂತತಿಯು ಹವಾಯಿಯ ನಂಜಾಣುವಿಗೆ ಬಗ್ಗದೆ ನಿಂತಿತು.

೧೯೯೨ರ ಏಪ್ರಿಲ್ ತಿಂಗಳಲ್ಲಿ ಒವಾಹುವಿನಲ್ಲಿ ಈ ಗಿಡಗಳನ್ನು ಬಯಲಿನಲ್ಲಿ ನೆಟ್ಟು ಪರೀಕ್ಷೆಗೆ ಮೊದಲುಮಾಡಿದರು. ಮರುತಿಂಗಳು, ಮೇ ೧೯೯೨ರಲ್ಲಿ, ಪುನಾ ಸೀಮೆಯೊಳಗೇ ರೋಗವು ಕಂಡುಬಂದಿತು. ೧೯೯೪ರ ಕೊನೆಯ ಹೊತ್ತಿಗೆ ಗಿಡ ಕಿತ್ತು ರೋಗವನ್ನು ನಿಲ್ಲಿಸುವ ಪ್ರಯತ್ನವನ್ನೇ ಸರ್ಕಾರ ಕೈಬಿಡಬೇಕಾಯಿತು. ೧೯೯೨ರಲ್ಲಿ ೫ ಕೋಟಿ ೩೦ ಲಕ್ಷ ಪೌಂಡುಗಳಷ್ಟಿದ್ದ ಪುನಾದ ಉತ್ಪತ್ತಿ ೧೯೯೮ರಲ್ಲಿ ೨ ಕೋಟಿ ೬೦ ಲಕ್ಷ ಪೌಂಡುಗಳಿಗೆ ಇಳಿಯಿತು. ಈ ನಡುವೆ ೫೫-೧ರ ಸಂತತಿಯಿಂದ ಕೆಂಪು ತಿರುಳಿನ 'ಸನ್‌ಅಪ್' ಎಂಬ ತಳಿಯನ್ನೂ, ಅದನ್ನು ರೈತರ ಮೆಚ್ಚಿನ ಕಪೋಹೋದೊಡನೆ ಕೂಡಿಸಿ ಹಳದಿ ತಿರುಳಿನ 'ರೈನ್‌ಬೋ' ಎಂಬ ಸಂಕರವನ್ನೂ ಪಡೆದಿದ್ದರು. ೧೯೯೫ರಲ್ಲಿ ರೋಗಪೀಡಿತವಾದ ಪುನಾದಲ್ಲಿಯೇ ಇವನ್ನು ನೆಟ್ಟರು. ಸುತ್ತಣ ಸಾಮಾನ್ಯ ಗಿಡಗಳು ಒಂದೊಂದಾಗಿ ಮುರುಟುತ್ತಿರಲು ಇವು ಹಸುರಾಗಿ ನಿಂತು ಫಲ ಕೊಟ್ಟವು. ೧೯೯೬ ಮತ್ತು ೧೯೯೭ರಲ್ಲಿ ಅಮೆರಿಕದ ಸರ್ಕಾರಿ ಇಲಾಖೆಗಳ ಪರಿಶೀಲನೆ ಮುಗಿಯಿತು. ಪೇಟೆಂಟು ಉಳ್ಳವರಿಂದ ಪರವಾನಗಿಗಳನ್ನು ಪಡೆದು ೧೯೯೮ರ ಮೇ ತಿಂಗಳಲ್ಲಿ ಬೀಜಗಳನ್ನು ರೈತರಿಗೆ ಬೆಲೆಯಿಲ್ಲದೆ ಹಂಚಿದರು. ಪುನಾದ ವ್ಯವಸಾಯ ಉಳಿದುಕೊಂಡಿತು.

೪

ಈಗ ತೊಡಕಿನ ವಿಚಾರ. ಗಿಡವನ್ನು ಕಾಯುವುದು ಹೊದಿಕೆಯ ಪ್ರೋಟೀನೇ ಆಗಿದ್ದರೆ, ಅದು ಹೆಚ್ಚಾಗಿರುವ ಗಿಡದಲ್ಲಿ ರಕ್ಷಣೆ ಹೆಚ್ಚಾಗಿಯೂ, ಕಡಮೆ ಇರುವ ಗಿಡದಲ್ಲಿ ಕಡಮೆಯಾಗಿಯೂ ಇರಬೇಕಷ್ಟೆ. ಹಲವು ಪ್ರಯೋಗಗಳಲ್ಲಿ ಹಾಗೆ ಆಗಲಿಲ್ಲ. ೧೯೯೨ರಲ್ಲಿ ಲಿಂಡ್ಬೋ ಮತ್ತು ಡೌಅರ್ಟಿ ಎಂಬವರು ಹೊಗೆಸೊಪ್ಪಿಗೇ ತಗಲುವ ಮತ್ತೊಂದು ನಂಜಾಣುವಿನ ಹೊದಿಕೆಯ ವಂಶವಾಹಿಯನ್ನು, ಅದರಿಂದ ಪ್ರೋಟೀನು ಹುಟ್ಟಲೇಬಾರದಂತೆ ಬೇಕೆಂದೇ ತಿದ್ದಿ, ಗಿಡದಲ್ಲಿ ಸೇರಿಸಿದರು. ಲೇಖವಿದೆ, ಆದರೆ ಅದನ್ನು ಓದಿ ಪ್ರೋಟೀನು ಕಟ್ಟುವಂತಿಲ್ಲ. ಹೀಗಿದ್ದೂ ಆ ಗಿಡಗಳಲ್ಲಿ ಕೆಲವಕ್ಕೆ ರೋಗ ತಗಲಲಿಲ್ಲ. ಇನ್ನೂ ವಿಚಿತ್ರವೆಂದರೆ, ರೋಗನಿರೋಧವು ಬಲವಾಗಿದ್ದ ಗಿಡಗಳಲ್ಲಿ ಸೇರಿಸಿದ ವಂಶವಾಹಿಯಿಂದ ಹೊರಡುವ ಆರ್‌ಎನ್‌ಎಯು ಕೋಶದಲ್ಲಿ ಬಹಳ ಸ್ವಲ್ಪವಾಗಿ ಉಳಿಯುತ್ತಿತ್ತು. ಕವಚವೇ ಇಲ್ಲದ ಕಡೆ ಕವಚದ ವಿವರಣೆ ನಿಲ್ಲಲಾರದು.

ನಿಜವಾದ ಕಾರಣ ಮುಂದಿನ ಏಳೆಂಟು ವರ್ಷಗಳಲ್ಲಿ ಹೊರಪಟ್ಟಿತು. ಜೀವಕೋಶದಲ್ಲಿ ಆರ್‌ಎನ್‌ಎಯು ಸಾಮಾನ್ಯವಾಗಿ ಒಂಟಿ ಎಳೆಯಾಗಿರುತ್ತದೆ. ನಂಜಾಣುವು ತನ್ನ ಪ್ರತಿಗಳನ್ನು ಎತ್ತಿಸುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ಇದನ್ನು ಗಿಡವು ಪರಕೀಯವೆಂದು ಗ್ರಹಿಸಿ, ೨೧ರಿಂದ ೨೪ ಅಕ್ಷರಗಳ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಬಳಿಕ ಆ ತುಂಡುಗಳನ್ನು ಬಿಸಾಡದೆ, ಮಾದರಿಗಳಾಗಿ ಇಟ್ಟುಕೊಂಡು, ಅವುಗಳಿಗೆ ಅಕ್ಷರಕ್ಕೆ ಅಕ್ಷರ ಜೊತೆಗೂಡುವ ಲೇಖ ಕೋಶದಲ್ಲಿ ಎಲ್ಲಿ ಕಂಡರೂ ಅದನ್ನು ತುಂಡರಿಸುತ್ತದೆ. ಎರಡೆಳೆಯ ಆರ್‌ಎನ್‌ಎಗೆ ಲೇಖಗಳನ್ನು ಮೌನಗೊಳಿಸುವ ಶಕ್ತಿಯುಂಟೆಂಬುದನ್ನು ೧೯೯೮ರಲ್ಲಿ ಆಂಡ್ರೂ ಫೈರ್, ಕ್ರೇಗ್ ಮೆಲ್ಲೋ ಮತ್ತು ಅವರ ಸಂಗಡಿಗರು ಒಂದು ಸಣ್ಣ ಹುಳುವಿನಲ್ಲಿ ಸ್ಥಾಪಿಸಿದರು. ಇದಕ್ಕಾಗಿ ಅವರಿಬ್ಬರಿಗೆ ೨೦೦೬ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಗಿಡಗಳಲ್ಲಿ ಆ ಸಣ್ಣ ತುಂಡುಗಳನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೋಲ್‌ಕೂಂ, ೧೯೯೯ರಲ್ಲಿ.

ಗ್ರಂಥಸಂಪಾದನೆಯ ಪರಿಚಯವುಳ್ಳ ವಾಚಕರಿಗೆ ಇದನ್ನು ಗ್ರಹಿಸುವುದು ಕಷ್ಟವಲ್ಲ. ತ್ರುಟಿತವಾದ ಒಂದು ಓಲೆಯಲ್ಲಿ ಇಪ್ಪತ್ತು ಅಕ್ಷರಗಳು ಮಾತ್ರ ಉಳಿದಿದ್ದರೂ, ಅವುಗಳ ಆಧಾರದಿಂದ ಆ ಪದ್ಯವು ಇನ್ನೊಂದು ಪ್ರತಿಯಲ್ಲಿ ಎಲ್ಲಿದೆಯೆಂದು ಸಂಪಾದಕನು ಗುರುತಿಸಬಲ್ಲನು. ಗಿಡವು ಮಾಡುವುದು ಇದನ್ನೇ. ನಂಜಾಣುವಿನ ವಂಶವಾಹಿಯನ್ನು ಮೊದಲೇ ಪಡೆದಿರುವ ಗಿಡದಲ್ಲಿ ಈ ತುಂಡುಗಳು ಶತ್ರು ಬರುವ ಮುನ್ನವೇ ಸಿದ್ಧವಾಗಿರುತ್ತವೆ. ನಂಜಾಣುಗಳಿಗೂ ಗಿಡದ ಈ ಕಾವಲನ್ನು ಕೆಡಿಸಬಲ್ಲ ಪ್ರೋಟೀನುಗಳಿವೆ. ಪರಂಗಿಯ ನಂಜಾಣು ಸೇರಿದ ಕುಲದಲ್ಲಿಯೇ ಅಂಥದೊಂದನ್ನು ೧೯೯೮ರಲ್ಲಿ ಗುರುತಿಸಿದರು. ಆದರೆ ಆ ಪ್ರೋಟೀನನ್ನು ಕಟ್ಟಲು ನಂಜಾಣುವಿಗೆ ಕಾಲಾವಕಾಶ ಬೇಕು. ಸಾಮಾನ್ಯ ಗಿಡವು ಶತ್ರುವನ್ನು ಗುರುತಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ರೈನ್‌ಬೋ ಗಿಡದಲ್ಲಿ ನಂಜಾಣುವಿಗೆ ಆ ಹೊತ್ತು ಸಿಕ್ಕುವುದಿಲ್ಲ. ಮೆಕಿನ್ನಿಯವರು ೧೯೨೯ರಲ್ಲಿ ಕಂಡ ಆಶ್ಚರ್ಯಕ್ಕೂ ಬಹುಮಟ್ಟಿಗೆ ಇದೇ ಸಮಾಧಾನ.

೫

ಕವಚದ ವಿವರಣೆ ಹೋಗಿ ಗುರುತಿನ ವಿವರಣೆ ಬಂದುದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ರೈತನ ಹೊಲಕ್ಕೂ ಸಂಬಂಧಿಸಿದುದು. ಗುರುತು ಅಕ್ಷರಸಾಮ್ಯವನ್ನು ಅವಲಂಬಿಸಿದ್ದರೆ, ಸಾಮ್ಯ ತಪ್ಪಿದ ಕಡೆ ಗುರುತೂ ತಪ್ಪಬೇಕು. ಹಾಗೆಯೇ ಆಯಿತು. ಹವಾಯಿಯ ನಂಜಾಣುವಿಗೆ ಅಭೇದ್ಯವಾದ ರೈನ್‌ಬೋ ಗಿಡವು ತೈವಾನ್, ಥಾಯ್ಲೆಂಡ್ ಮೊದಲಾದ ಕಡೆಯ ನಂಜಾಣುವಿಗೆ ಸೋಲುತ್ತದೆಂದು ಪರೀಕ್ಷೆಗಳಲ್ಲಿ ತಿಳಿದುಬಂತು. ಎಲ್ಲ ಕಡೆಯೂ ರೋಗವೊಂದೇ, ಲಕ್ಷಣವೊಂದೇ, ನಂಜಾಣುವಿನ ಹೆಸರೂ ಒಂದೇ. ಲೇಖದಲ್ಲಿ ಮಾತ್ರ ಪಾಠಾಂತರಗಳಿವೆ. ವಂಶವಾಹಿಯು ತಾಯಿತಂದೆಗಳಿಬ್ಬರ ಕಡೆಯಿಂದಲೂ ಬಂದಿರುವ ಸನ್‌ಅಪ್ ತಳಿಯು, ಒಂದೇ ಕಡೆಯಿಂದ ಬಂದಿರುವ ರೈನ್‌ಬೋಗಿಂತ ಹೆಚ್ಚು ಪಾಠಾಂತರಗಳನ್ನು ತಡೆಯಬಲ್ಲದು, ಅದಕ್ಕೂ ಮಿತಿಯುಂಟು.

ಆದುದರಿಂದ ಒಂದು ದೇಶದಲ್ಲಿ ಸಿದ್ಧವಾದ ನಿರೋಧಕ ತಳಿಯನ್ನು ಇನ್ನೊಂದು ದೇಶಕ್ಕೆ ತಂದು ನೆಟ್ಟರೆ ಸಾಲದು. ಚೀನದವರು ೨೦೦೬ರಲ್ಲಿ ಅನುಮತಿ ಪಡೆದ 'ಹ್ವಾನೊಂಗ್ ೧' ಎಂಬ ಪರಂಗಿಯಲ್ಲಿ ಹೊದಿಕೆಯ ವಂಶವಾಹಿಯನ್ನು ಬಿಟ್ಟು, ನಂಜಾಣುವು ತನ್ನ ಪ್ರತಿ ಎತ್ತಲು ಬಳಸುವ ವಂಶವಾಹಿಯನ್ನು ಸೇರಿಸಿದರು. ಭಾರತದಲ್ಲಿ ಈ ರೋಗವನ್ನು ೧೯೪೮ರಷ್ಟು ಹಿಂದೆಯೇ, ಅಂದಿನ ಮುಂಬಯಿ ಪ್ರಾಂತ್ಯದಲ್ಲಿ, ಕಪೂರ್ ಮತ್ತು ವರ್ಮಾ ಎಂಬವರು ವರ್ಣಿಸಿದ್ದಾರೆ. ಕರ್ನಾಟಕದ ಪರಂಗಿ ಬೆಳೆಗಾರರೂ ಅದರ ಹಾವಳಿಯನ್ನು ಚೆನ್ನಾಗಿ ಬಲ್ಲರು. ನಮ್ಮ ದೇಶದ ನಂಜಾಣುವಿನಲ್ಲಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಲೇಖಭೇದಗಳಿವೆ. ಇಂಥ ಪರಂಗಿಯನ್ನು ಇಲ್ಲಿ ಬೆಳೆಯಲು ಸರ್ಕಾರದ ಅನುಮತಿಯಿಲ್ಲ. ಮುಂದೆಂದಾದರೂ ಆ ಪ್ರಶ್ನೆ ಎದ್ದಲ್ಲಿ, ಹವಾಯಿಯ ಬೀಜ ನಮಗೆ ಉತ್ತರವಾಗಲಾರದೆಂಬುದು ಮೇಲಿನ ವಿವರಣೆಯಿಂದಲೇ ಸಿದ್ಧವಾಗುತ್ತದೆ.

೬

ಈ ವಿಧಾನಕ್ಕೆ ಎದ್ದಿರುವ ಆಕ್ಷೇಪಗಳನ್ನು ಹೇಳದೆ ಬಿಡುವುದು ನ್ಯಾಯವಲ್ಲ. ನಂಜಾಣುವಿನ ವಂಶವಾಹಿಯುಳ್ಳ ಹಣ್ಣನ್ನು ತಿನ್ನಬಹುದೆ ಎಂಬುದು ಮೊದಲನೆಯದು. ರೋಗ ತಗಲಿದ ಪರಂಗಿಯನ್ನು ಜನರು ಮೊದಲಿನಿಂದಲೂ ತಿನ್ನುತ್ತ ಬಂದಿದ್ದಾರೆ. ಅಂಥ ಹಣ್ಣಿನಲ್ಲಿ ಇಡೀ ನಂಜಾಣುವೇ ಇರುತ್ತದೆ, ಹೊದಿಕೆಯ ಪ್ರೋಟೀನು ರೈನ್‌ಬೋ ಹಣ್ಣಿನಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಸಸ್ಯದ ನಂಜಾಣುವು ಮನುಷ್ಯನಿಗೆ ರೋಗ ತರುವುದಿಲ್ಲ. ಈ ಆಕ್ಷೇಪಕ್ಕೆ ಸಮಾಧಾನ ತೃಪ್ತಿಕರವಾಗಿಯೇ ಇದೆ.

ಎರಡನೆಯದು ಇನ್ನೂ ಗಂಭೀರವಾದುದು. ಗಿಡದಲ್ಲಿ ಸೇರಿಸಿದ ಲೇಖಭಾಗವು ಹೊರಗಿನಿಂದ ಬಂದ ನಂಜಾಣುವಿನ ಲೇಖದೊಡನೆ ಬೆರೆತು ಹೊಸ ನಂಜಾಣು ಹುಟ್ಟಬಹುದೆ? ಹುಟ್ಟಬಹುದೆಂಬುದನ್ನು ೧೯೯೪ರಲ್ಲಿ ಗ್ರೀನ್ ಮತ್ತು ಆಲಿಸನ್ ಎಂಬವರು ಅಲಸಂದೆಗೆ ತಗಲುವ ಒಂದು ನಂಜಾಣುವಿನಲ್ಲಿ, ಪ್ರಯೋಗಶಾಲೆಯ ಮಟ್ಟಿಗೆ, ತೋರಿಸಿದರು. ಎರಡು ನಂಜಾಣುಗಳು ಒಂದೇ ಗಿಡದಲ್ಲಿ ಸೇರುವುದು ಪ್ರಕೃತಿಯಲ್ಲಿ ನಿತ್ಯವೂ ನಡೆಯುತ್ತಿದೆ, ಆದುದರಿಂದ ಹೊಸ ಅಪಾಯವೇನೂ ಹುಟ್ಟದು ಎಂದು ಇದಕ್ಕೆ ಉತ್ತರ ಹೇಳುತ್ತಾರೆ. ಉತ್ತರದಲ್ಲಿ ಹುರುಳಿದೆ. ಆದರೂ ಸೇರಿಸುವ ಭಾಗ ಚಿಕ್ಕದಾದಷ್ಟೂ, ಅದರಿಂದ ಪ್ರೋಟೀನು ಹುಟ್ಟದಷ್ಟೂ, ಈ ಶಂಕೆಗೆ ಎಡೆ ಕಡಮೆಯಾಗುತ್ತದೆ. ಗಿಡಕ್ಕೆ ಬೇಕಾದುದು ಪ್ರೋಟೀನಲ್ಲ, ಗುರುತು ಎಂದು ತಿಳಿದ ಮೇಲೆ ಹಾಗೆ ಮಾಡುವುದು ಸಾಧ್ಯವೂ ಆಯಿತು. ವಿವರಣೆಯನ್ನು ತಿದ್ದಿಕೊಂಡುದರಿಂದ ಬಂದ ಪ್ರಯೋಜನಗಳಲ್ಲಿ ಇದೂ ಒಂದು.

ಮೂರನೆಯದು ವ್ಯಾಪಾರಕ್ಕೂ ನೆರೆಹೊರೆಗೂ ಸಂಬಂಧಪಟ್ಟುದು. ಹವಾಯಿಯ ಪರಂಗಿಗೆ ಜಪಾನ್ ಮುಖ್ಯವಾದ ಮಾರುಕಟ್ಟೆಯಾಗಿತ್ತು. ರೈನ್‌ಬೋ ಹಣ್ಣಿಗೆ ಅಲ್ಲಿ ಪ್ರವೇಶ ದೊರೆತುದು ೨೦೧೧ರಲ್ಲಿ. ಅಷ್ಟರವರೆಗೆ ಆ ದೇಶಕ್ಕೆ ಕಳುಹಿಸುವವರು ಸಾಮಾನ್ಯ ತಳಿಯನ್ನೇ ಬೆಳೆಯಬೇಕಾಗಿತ್ತು. ಪಕ್ಕದ ತೋಟದ ಪರಾಗ ತಮ್ಮ ಹೂಗಳಿಗೆ ಬೀಳದಂತೆ ಎಚ್ಚರವಹಿಸಬೇಕಾಗಿತ್ತು. ಅವರ ಈ ಕಷ್ಟ ಕಲ್ಪಿತವಾದುದಲ್ಲ. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಎಣಿಸಬೇಕು. ನಿರೋಧಕ ಗಿಡಗಳು ಸೀಮೆಯಲ್ಲೆಲ್ಲ ತುಂಬಿಕೊಂಡ ಮೇಲೆ ನಂಜಿನ ನೆಲೆಗಳು ಕಡಮೆಯಾಗಿ, ಆ ಸಾಮಾನ್ಯ ತಳಿಯನ್ನು ಪುನಾದಲ್ಲಿ ಮತ್ತೆ ಬೆಳೆಯುವುದು ಸಾಧ್ಯವಾದುದೂ ಇದರಿಂದಲೇ.

ಒಟ್ಟಿನಲ್ಲಿ ನೋಡಿದರೆ, ಹವಾಯಿಯ ರೈತನಿಗೆ ಬೀಜ ಕೈಸೇರಿದಾಗ ಅದು ಹೇಗೆ ಕೆಲಸಮಾಡುತ್ತದೆಂಬುದು ಪೂರ್ಣವಾಗಿ ತಿಳಿದಿರಲಿಲ್ಲ. ತಪ್ಪು ವಿವರಣೆಯನ್ನು ನಂಬಿ ತೊಡಗಿದ ಕಾರ್ಯವೂ ಫಲಿಸಿತು. ಆದರೆ ಅದು ಎಲ್ಲಿ ಫಲಿಸದು, ಏಕೆ ಫಲಿಸದು, ಹೇಗೆ ತಿದ್ದಿದರೆ ಇನ್ನೂ ನಿರಪಾಯವಾದೀತು ಎಂಬುದನ್ನು ತಿಳಿಸಿದುದು ಸರಿಯಾದ ವಿವರಣೆ. ಗಾದೆಯ ಮಾತಿಗೆ ಹಿಂತಿರುಗುವುದಾದರೆ, ಇಲ್ಲಿ ಎರಡನೆಯ ಮುಳ್ಳು ಮೊದಲನೆಯದನ್ನು ತೆಗೆಯುವುದಿಲ್ಲ. ಅದನ್ನು ಕಂಡಿದ್ದ ಗಿಡವು ಅದರಂಥ ಮುಳ್ಳು ಹತ್ತಿರ ಬಂದಾಗ ಗುರುತು ಹಿಡಿಯುತ್ತದೆ, ಅಷ್ಟೆ. ಗುರುತು ಹಿಡಿಯಬೇಕಾದರೆ ಆಯಾ ಸೀಮೆಯ ಮುಳ್ಳನ್ನು ಆಯಾ ಸೀಮೆಯವರು ಮೊದಲು ಚೆನ್ನಾಗಿ ಓದಿ ತಿಳಿದಿರಬೇಕು. 'ಉಂಗುರಚುಕ್ಕೆ' ಎಂಬ ಒಂದೇ ಹೆಸರಿನಿಂದ ಆ ಕೆಲಸ ಮುಗಿಯುವುದಿಲ್ಲ.